ಮೊಮ್ಮಗಳ ರೊಟ್ಟಿಯ ಮೇಲೆ ಬಂದ ಗುಮಾನಿ

ನನ್ನ ಮೊಮ್ಮಗಳಿಗೆ ಜೋಳದ ರೊಟ್ಟಿ ಆಗಿಬರುತ್ತದೆ! ಸಿಂಧನೂರಿನ ಮಕ್ಕಳ ಡಾಕ್ಟರು ತಮ್ಮ ಬಾಯಿಂದಲೇ ಹೇಳಿದರು, ನಾನು ನನ್ನ ಕಿವಿಯಿಂದಲೇ ಕೇಳಿದೆ. ಕೇಳಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಮಸ್ಕಿಗೆ ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸಿಗೆ ಹೇಳಿದೆ. ಟಿಕೆಟ್ ಕೊಡಲು ಬಂದ ಕಂಡಕ್ಟರನಿಗೂ ಹೇಳಿದೆ.

"ರೊಟ್ಟಿ ತಿನ್ನೂದ್ರಾಗ ಏನೈತಿ ಯಮ್ಮಾ ಅಂಥಾದ್ದು?" ಅಂದ ಆತ.

"ನಿಮ್ಮನಿ ಕೂಸಿಗೆ ಯಾರರ ರೊಟ್ಟಿ ಬಂದ್ ಮಾಡ್ಸಿದ್ರ ಗೊತ್ತಾಗ್ತಿತ್ತು ನಿನಗ," ಅಂದೆ. ಆತ ಚಿಲ್ಲರೆ ಕೊಟ್ಟು ಮುಂದೆ ಹೋದ.

ನಮ್ಮ ಮನೆಯಲ್ಲಿ ಐದು ಮಂದಿ. ನಾನು, ನಮ್ಮ ಯಜಮಾನರು, ಮಸ್ಕಿಯಲ್ಲೇ ಕಚೇರಿ ಕೆಲಸಕ್ಕೆ ಹೋಗುವ ಮಗ, ಸೊಸೆ, ಇನ್ನೂ ಶಾಲೆ ಮೆಟ್ಟಿಲು ಹತ್ತದ ಮೊಮ್ಮಗಳು. ಹಿತ್ತಲಲ್ಲಿ ಒಂದು ಎಮ್ಮೆ. ನಾನು ಓದಿದ್ದು ಕಡಿಮೆ. ನನ್ನ ತವರೂರು ಗುರುಗುಂಟಾದ ಶಾಲೆಯಲ್ಲಿ ಅಕ್ಷರ ಕೂಡಿಸಿ ಓದುವಷ್ಟು ಬಂದ ಕೂಡಲೇ ಬಿಡಿಸಿದರು. ಆದರೆ ಗುಮಾನಿ ಪಡುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಸಂತೆಯ ತಕ್ಕಡಿಯ ಮೇಲೆ ಗುಮಾನಿ. ಆಣೆ ಮಾಡಿ ಸಿಹಿ ಅನ್ನುವವನ ಕಲ್ಲಂಗಡಿಯ ಮೇಲೆ ಗುಮಾನಿ. ಕೂಸು ಹುಟ್ಟಿದ ಮೇಲೆ ಅದೇ ಗುಣ ನನಗೆ ದೊಡ್ಡ ಉದ್ಯೋಗವಾಯಿತು.

ಏಕೆಂದರೆ ಮೊಮ್ಮಗಳಿಗೆ ಶೇಂಗಾ ಆಗುವುದಿಲ್ಲ. ಹಲ್ಲು ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಶೇಂಗಾ ಚಟ್ನಿಪುಡಿ ಅಂಟಿದ ರೊಟ್ಟಿಯ ಚೂರನ್ನು ನೆಕ್ಕಿದಳು, ಅಷ್ಟೆ. ನೋಡುನೋಡುತ್ತಲೇ ತುಟಿ ಊದಿತು, ಮೈತುಂಬ ದದ್ದು ಎದ್ದವು, ಉಸಿರಾಟ ಸುಯ್‌ಗುಟ್ಟತೊಡಗಿತು. ಮಗ ಅವಳನ್ನು ಎತ್ತಿಕೊಂಡು ಲಿಂಗಸುಗೂರಿನ ದವಾಖಾನೆಗೆ ಓಡಿದ. ಆಯುಷ್ಯ ಗಟ್ಟಿಯಿತ್ತು, ಉಳಿದಳು. ಆಮೇಲೆ ಸಿಂಧನೂರಿನ ಡಾಕ್ಟರು, ಶೇಂಗಾ ಇವಳ ಪಾಲಿಗೆ ವಿಷ, ಒಂದು ಕಾಳೂ ಹೊಟ್ಟೆಗೆ ಹೋಗಕೂಡದು ಅಂದರು.

ನಮ್ಮ ಕಡೆ ಶೇಂಗಾ ಬಿಟ್ಟು ಅಡುಗೆ ಮಾಡುವುದು ಹುಡುಗಾಟವೇ? ಬದನೆಕಾಯಿ ತುಂಬಲು ಶೇಂಗಾ, ಚಟ್ನಿಗೆ ಶೇಂಗಾ, ಹೋಳಿಗೆಗೆ ಶೇಂಗಾ. ಎಲ್ಲ ಬಿಟ್ಟೆವು. ಡಬ್ಬಿಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆವು. ಅಡುಗೆಯ ಎಣ್ಣೆ ಬದಲಾಯಿತು. ಚಟ್ನಿಪುಡಿಯನ್ನು ಗುರೆಳ್ಳಿನಲ್ಲೂ ಅಗಸಿಯಲ್ಲೂ ಮಾಡತೊಡಗಿದೆ. ಇಷ್ಟಾದರೂ ಹೊರಗಿನವರ ಕೈ ಸುಮ್ಮನಿರುವುದಿಲ್ಲ. ಚಂದದ ಕೂಸು ಕಂಡರೆ ಬಾಯಿಗೆ ಏನಾದರೂ ಇಡಲೇಬೇಕು ನಮ್ಮ ಮಂದಿಗೆ. ಒಂದು ಮದುವೆಯಲ್ಲಿ ದೂರದ ಸಂಬಂಧಿ ಒಬ್ಬಾಕೆ ಶೇಂಗಾ ಉಂಡಿ ಹಿಡಿದುಕೊಂಡು ಬಂದಳು.

"ಒಂದು ಚೂರು ತಿಂದ್ರ ಏನಾಗ್ತೈತಿ? ಸಣ್ಣಾಕಿದ್ದಾಗಿಂದ ತಿಂದೀವಿ, ನಾವೇನು ಸತ್ತೀವೇನು?"

"ನೀವು ಸತ್ತಿಲ್ಲ, ಅದು ಖರೇ. ಮೊದ್ಲು ಕೂಸಿನ ಕೈ ಬಿಡ್ರಿ," ಅಂದೆ. ಆಕೆ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ನನಗೇನೂ ನಷ್ಟವಿಲ್ಲ.

ಹೀಗೆ ಕಾಯ್ದುಕೊಂಡು ಬಂದಿದ್ದೆವು. ಈ ಬೇಸಿಗೆಯಲ್ಲಿ ಹೊಸದೊಂದು ಶುರುವಾಯಿತು. ಬೆಳಿಗ್ಗೆ ರೊಟ್ಟಿ ತಿಂದ ಸ್ವಲ್ಪ ಹೊತ್ತಿಗೆ ಬಾಯಿಯ ಸುತ್ತ ಕೆಂಪು ಗಂಧೆ. ಕೆಲವೊಮ್ಮೆ ಮೇಲ್ತುಟಿ ಸಣ್ಣಗೆ ಊದುತ್ತಿತ್ತು. ಡಾಕ್ಟರು ಕೊಟ್ಟಿದ್ದ ಔಷಧ ಕುಡಿಸಿದರೆ ಇಳಿಯುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು.

ನನ್ನ ಮೊದಲ ಗುಮಾನಿ ಗಿರಣಿಯ ಮೇಲೆ. ನಮ್ಮ ಜೋಳಕ್ಕಿಂತ ಮುಂಚೆ ಯಾರು ಏನು ಬೀಸಿಕೊಂಡು ಹೋದರೋ ಯಾರಿಗೆ ಗೊತ್ತು. ಮೂಲೆಯಲ್ಲಿದ್ದ ಬೀಸುಕಲ್ಲನ್ನು ತೊಳೆದು, ರಟ್ಟೆ ನೋಯುವಷ್ಟು ನಾನೇ ಬೀಸಿ ರೊಟ್ಟಿ ಬಡಿದೆ. ಗಂಧೆ ಬಂದವು. ಸಿಂಧನೂರಿಗೆ ಹೋದೆವು.

"ಜ್ವಾಳಾನೂ ಆಗ್ತಿಲ್ಲೇನೋ ಇಕಿಗೆ," ಅಂದರು ಡಾಕ್ಟರು. "ಸದ್ಯಕ್ಕ ರೊಟ್ಟಿ ಬಿಡಸ್ರಿ. ಮುಂದಿನ ಸಲ ಬಂದಾಗ ನಮ್ಮ ಕಣ್ಣಮುಂದ ತಿನಿಸಿ ತಪಾಸ್ ಮಾಡೂಣು. ಆಗ ಬಂತಂದ್ರ ಜ್ವಾಳ ಪೂರಾ ಬಂದ್."

ಶೇಂಗಾ ಹೋದರೆ ಹೋಗಲಿ. ಆದರೆ ರೊಟ್ಟಿಯೂ ಹೋದರೆ ಈ ಕೂಸು ನಾಳೆ ಯಾರ ಮನೆಯಲ್ಲಿ ಏನು ತಿನ್ನಬೇಕು? ನಾವೆಲ್ಲ ರೊಟ್ಟಿ ಮುರಿಯುವಾಗ ಅವಳೊಬ್ಬಳು ಬೇರೆ ತಟ್ಟೆ ಹಿಡಿದು ನಮ್ಮ ಬಾಯಿ ನೋಡುತ್ತಾ ಕೂರುವುದೇ?

ಎರಡನೇ ಗುಮಾನಿ ಸೊಸೆಯ ಮೇಲೆ ಹೋಯಿತು. ಅವಳ ತವರು ಗೊರೇಬಾಳ, ಕಾಲುವೆ ನೀರಿನ ಭತ್ತದ ಊರು. ಮೂರು ಹೊತ್ತು ಅನ್ನ ಉಂಡು ಬೆಳೆದವಳು. ರೊಟ್ಟಿ ಬಡಿಯಲು ಕೂತರೆ ಈಗಲೂ ಅದು ಅಂಚಿನಲ್ಲಿ ಸೀಳುತ್ತದೆ.

"ಮಧ್ಯಾಹ್ನ ನಾ ಅನ್ನ ಉಣ್ಸಿದಾಗ ಏನೂ ಬರಂಗಿಲ್ಲ ನೋಡ್ರಿ ಅತ್ತಿ," ಅಂದಳು.

"ಹೌದವ್ವ. ನಿಮ್ಮ ತವರುಮನಿ ಅಕ್ಕಿ ಪ್ರಸಾದ, ನನ್ನ ಜ್ವಾಳ ಇಸಾ."

"ನಾ ಹಂಗ ಎಲ್ಲಿ ಅಂದೀನ್ರಿ?"

"ಅನ್ನಲಿಲ್ಲ. ಮುಖದ ಮ್ಯಾಲ ಬರದೈತಿ."

ಮಗ ಇಬ್ಬರ ನಡುವೆ ಸಿಕ್ಕಿ, ಚಹಾ ಅರ್ಧಕ್ಕೇ ಬಿಟ್ಟು ಕಚೇರಿಗೆ ಹೋದ.

ಮರುದಿನ ಬೆಳಿಗ್ಗೆ ರೊಟ್ಟಿಯ ಬದಲು ಹಾಲು ಅನ್ನ ಕಲಸಿಕೊಟ್ಟೆವು. ಬೆಳಗಿನ ಊಟ ಅವಳು ಅಜ್ಜನ ತೊಡೆಯ ಮೇಲೆ ಕೂತೇ ಮಾಡಬೇಕು, ಅದೂ ಹಿತ್ತಲಲ್ಲಿ ಎಮ್ಮೆಯನ್ನು ನೋಡುತ್ತಾ. ಬೇರೆ ಕಡೆ ಕೂರಿಸಿದರೆ ಬಾಯಿ ತೆರೆಯುವುದಿಲ್ಲ. ಅಂದೂ ಹಾಗೆಯೇ ಉಂಡಳು. ಸ್ವಲ್ಪ ಹೊತ್ತಿಗೆ ಬಾಯಿಯ ಸುತ್ತ ಕೆಂಪಾಯಿತು.

"ಬಂತು! ಅನ್ನಕ್ಕೂ ಬಂತು!" ಎಂದು ನಾನು ಕೂಗಿದೆ.

ಸೊಸೆ ಔಷಧದ ಬಾಟಲಿ ಹಿಡಿದು ಓಡಿಬಂದಳು. "ಕೂಸಿನ ಮುಖ ಕೆಂಪಾದ್ರ ನಿಮಗ ಖುಷಿ ಏನ್ರಿ ಅತ್ತಿ?"

"ಖುಷಿ ಅಲ್ಲ ಬೇ. ಅನ್ನ ನೀ ಉಣ್ಸಿದ್ರ ಬರಂಗಿಲ್ಲ, ಇಲ್ಲಿ ಉಂಡ್ರ ಬರತೈತಿ. ಅಂದ್ರ ತಟ್ಯಾಗಿಂದಲ್ಲ ಇದು. ಬ್ಯಾರೆ ಏನೋ ಐತಿ ಇಲ್ಲಿ."

ಅವಳು ಔಷಧ ಕುಡಿಸುತ್ತಾ ಯೋಚಿಸಿದಳು. ಅವಳ ಕಣ್ಣಿನಲ್ಲೂ ಗುಮಾನಿ ಮೂಡಿದ್ದನ್ನು ನಾನು ಆವತ್ತೇ ಮೊದಲು ಕಂಡೆ. ಮದುವೆಯಾಗಿ ಬಂದಾಗಿನಿಂದ ಅವಳು ನನಗೆ ಅಷ್ಟು ಹತ್ತಿರದವಳು ಅನ್ನಿಸಿರಲಿಲ್ಲ.

ಮರುದಿನದಿಂದ ಬೆಳಗಿನ ಊಟವನ್ನು ಅಡುಗೆಮನೆಯಲ್ಲೇ ಉಣಿಸಲು ಸೊಸೆ ಹಟ ಹಿಡಿದಳು. ಕೂಸು ಅತ್ತರೂ ಬಿಡಲಿಲ್ಲ. ನಾನು ಹಿತ್ತಲ ಹೊಸ್ತಿಲ ಮೇಲೆ ಮೊರದಲ್ಲಿ ತೊಗರಿ ಹಾಕಿಕೊಂಡು ಕೂತೆ. ಕಲ್ಲು ಆರಿಸುವ ನೆಪ, ಕಣ್ಣು ಯಜಮಾನರ ಮೇಲೆ.

ಅವರು ಎಂದಿನಂತೆ ಎಮ್ಮೆಗೆ ತೊಟ್ಟಿಯಲ್ಲಿ ತಿಂಡಿ ಕಲಸಿದರು. ನೆನೆಸಿದ ಹಿಂಡಿಗೆ ಹೊಟ್ಟು ಹಾಕಿ, ಮೊಣಕೈವರೆಗೆ ತೋಳು ಇಳಿಸಿ ಗಂಟು ಒಡೆದು ಕಲಸುವುದು ಅವರ ಪದ್ಧತಿ. ಕೋಲಿನಿಂದ ಕಲಸಿದರೆ ಎಮ್ಮೆಗೆ ರುಚಿಸುವುದಿಲ್ಲವಂತೆ. ತೋಳನ್ನು ಹೆಗಲ ಟವೆಲ್ಲಿನಿಂದ ಒರೆಸಿಕೊಂಡರು, ಆಮೇಲೆ ನಳದ ಕೆಳಗೆ ಕೈ ತೊಳೆದರು. ಎಲ್ಲ ಸರಿಯೇ ಇತ್ತು. ಅಷ್ಟರಲ್ಲಿ ಎಮ್ಮೆ ಕತ್ತು ಚಾಚಿ ಟವೆಲ್ಲಿನ ತುದಿಯನ್ನು ಬಾಯಿಗೆ ಎಳೆದುಕೊಂಡು ಚಪ್ಪರಿಸತೊಡಗಿತು.

"ಏನು, ಪೊಲೀಸರಂಗ ಕುಂತೀದಿ?" ಅಂದರು ಅವರು.

"ಆ ಎಮ್ಮಿ ನಿಮ್ಮ ಟವೆಲ್ ಯಾಕ ನೆಕ್ಕಾಕತ್ತೈತಿ?"

"ನನ್ನ ಮ್ಯಾಲ ಪ್ರೀತಿ ಅದಕ್ಕ. ಮನ್ಯಾಗ ಯಾರಿಗರ ಇರಬೇಕಲ್ಲ."

"ಪ್ರೀತಿ ಇದ್ರ ಮಾರಿ ನೆಕ್ಕಬೇಕು. ಅಂಗಿ ಬಿಟ್ಟೈತಿ, ಟವೆಲ್ಲೇ ಯಾಕ? ಕೊಡ್ರಿ ಇಲ್ಲಿ."

ಕಸಿದುಕೊಂಡು ಮೂಸಿದೆ. ಸೊಸೆಯನ್ನು ಕರೆದು ಅವಳ ಮೂಗಿಗೂ ಹಿಡಿದೆ. ಅವಳು ಒಮ್ಮೆ ಮೂಸಿ ನನ್ನ ಮುಖ ನೋಡಿದಳು.

"ಶೇಂಗಾ ವಾಸನಿ ರೀ ಅತ್ತಿ."

ಶೇಂಗಾ ಹಿಂಡಿ! ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ. ಈ ಬೇಸಿಗೆಯಲ್ಲಿ ಎಮ್ಮೆ ಕರು ಹಾಕಿದಾಗಿನಿಂದ, ಹಾಲು ಹೆಚ್ಚಲಿ ಎಂದು ಅದರ ಚೀಲ ಕೊಟ್ಟಿಗೆಗೆ ಬಂದಿತ್ತು. ಅಡುಗೆಮನೆಯ ಡಬ್ಬಿ ಡಬ್ಬಿ ಶೋಧಿಸಿದವರು ಕೊಟ್ಟಿಗೆಯನ್ನು ಯಾರೂ ನೆನೆಸಲಿಲ್ಲ. ಅದು ಎಮ್ಮೆಯ ಪಾಲು, ಮನುಷ್ಯರ ತಿನಿಸಲ್ಲ ಎಂದೇ ಎಲ್ಲರ ಲೆಕ್ಕ. ಯಜಮಾನರು ಕೈ ತೊಳೆದೇ ಕೂಸಿಗೆ ಉಣಿಸುತ್ತಿದ್ದರು. ಉಣಿಸಿದ ಮೇಲೆ ಮಾತ್ರ ಬಾಯಿಯನ್ನು ಮುದ್ದಿನಿಂದ ಆ ಟವೆಲ್ಲಿನಿಂದಲೇ ಒರೆಸುತ್ತಿದ್ದರು.

ಅವರು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತರು. "ಬಾಯಿ ಸ್ವಚ್ಛ ಇರ್ಲಿ ಅಂತ ಒರಸ್ತಿದ್ನಲ್ಲ..." ಅಂದರು. ಆ ದಿನವೇ ಹಿಂಡಿಯ ಚೀಲ ಮನೆ ಬಿಟ್ಟಿತು. ಎಮ್ಮೆಗೆ ಹತ್ತಿಕಾಳು ಬಂತು. ಟವೆಲ್ಲು ಒಲೆಗೆ ಹೋಯಿತು. ಕೊಟ್ಟಿಗೆಯನ್ನು ಮಗನೇ ನಿಂತು ತೊಳೆಸಿದ. ಗಂಧೆ ನಿಂತವು. ಆದರೆ ಯಜಮಾನರು ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಅವಳು ಕೈ ಚಾಚಿ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ರೊಟ್ಟಿಯ ಮೇಲಿನ ಆರೋಪವೂ ಇನ್ನೂ ಇಳಿದಿರಲಿಲ್ಲ. ಡಾಕ್ಟರ ಕಣ್ಣಮುಂದೆ ತಿನಿಸಿ ನೋಡದೆ ರೊಟ್ಟಿ ಕೊಡುವುದಿಲ್ಲ ಎಂದು ಸೊಸೆ ಅಂದಳು. ಅದಕ್ಕೆ ನಾನೂ ಹೂಂ ಅಂದೆ.

ಕೊನೆಗೆ ಆ ದಿನ ಬಂತು. ಹೊಸ ಬಟ್ಟೆಯಲ್ಲಿ ಸುತ್ತಿದ ನನ್ನ ರೊಟ್ಟಿಯೊಂದಿಗೆ ನಾನು, ಸೊಸೆ, ಕೂಸು ಸಿಂಧನೂರಿಗೆ ಹೋದೆವು. ಡಾಕ್ಟರು ಟವೆಲ್ಲಿನ ಕಥೆ ಕೇಳಿ ತಲೆಯಾಡಿಸಿದರು. ಮೊದಲು ಉಗುರಿನಷ್ಟು ಚೂರು ಕೊಟ್ಟರು. ಕಾದೆವು. ಆಮೇಲೆ ಇನ್ನಷ್ಟು, ಮತ್ತೆ ಕಾಯುವುದು. ನಾನು ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ.

"ಅಜ್ಜೀ, ನನ್ನ ಬಾಯಾಗ ಸಿನಿಮಾ ಐತೇನು?" ಅಂದಳು ಮೊಮ್ಮಗಳು.

ಕೈಯಗಲದ ರೊಟ್ಟಿ ಖಾಲಿಯಾಯಿತು. ಒಂದು ದದ್ದೂ ಇಲ್ಲ. "ಜ್ವಾಳದ್ದೇನೂ ತಪ್ಪಿಲ್ಲ. ಬೇಷಕ್ ತಿನಸ್ರಿ. ಶೇಂಗಾ ಮಾತ್ರ ದೂರ ಇರ್ಲಿ," ಅಂದರು ಡಾಕ್ಟರು.

"ಖರೇನಾ ರೀ? ಇನ್ನೊಂದು ತಾಸು ಕುಂದರತೀವಲ್ಲ?"

"ಯಮ್ಮಾ, ಹೊರಗ ಮಂದಿ ಕಾಯಾಕತ್ತಾರ. ಸಾಕಷ್ಟು ನೋಡೀನಿ. ಮನಿಗೆ ಹೋಗಿ ರೊಟ್ಟಿ ಬಡೀರಿ."

ಬಡಿದೆ. ಸಂಜೆ ಒಲೆಯ ಮುಂದೆ ಕೂತು, ಮಗ ಸಾಕು ಸಾಕು ಅನ್ನುವವರೆಗೆ ಬಡಿದೆ. ಯಜಮಾನರು ನಳದ ಬಳಿ ಸಾಬೂನು ಹಚ್ಚಿ ಕೈ ತಿಕ್ಕುತ್ತಲೇ ಇದ್ದರು. ಬಂದು ನನ್ನ ಮುಂದೆ ಎರಡೂ ಕೈ ಚಾಚಿದರು. ಮೂಸಿದೆ. ಸೊಸೆಯ ಕಡೆ ತಿರುಗಿಸಿದೆ. ಅವಳೂ ನಾಚಿಕೊಂಡೇ ಮೂಸಿದಳು. ಕೂಸು ಓಡಿಬಂದು ಅಜ್ಜನ ಹೆಬ್ಬೆರಳು ಹಿಡಿದು ಮೂಸಿ, "ಬರೀ ಸಾಬೂನು," ಅಂದು ಅವರ ತೊಡೆ ಹತ್ತಿ ಕೂತಳು. ಈ ಸಲ ಅವರು ಕೈ ಹಿಂದಕ್ಕೆ ಕಟ್ಟಲಿಲ್ಲ. ಬಿಸಿ ರೊಟ್ಟಿ ಮುರಿದು, ಬೆಣ್ಣೆ ಹಚ್ಚಿ, ಅವಳ ಬಾಯಿಗಿಟ್ಟರು. ಅವಳು ಅಗಿಯುವವರೆಗೆ ನಾವು ನಾಲ್ವರೂ ತುತ್ತು ಎತ್ತಲಿಲ್ಲ.

"ನೀವೂ ತಿನ್ರಿ," ಅಂದಳು ತುಂಬಿದ ಬಾಯಿಯಲ್ಲೇ.

ತಿಂದೆವು. ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ, ಮೊಸರು. ಸೊಸೆ ತನ್ನ ತವರಿನ ಅಕ್ಕಿಯ ಅನ್ನವನ್ನೂ ಮಾಡಿದ್ದಳು.

"ಅತ್ತಿ, ಒಂದು ಸೌಟು ಅನ್ನ ಹಾಕ್ಲೇನ್ರಿ?"

"ಹಾಕು. ನೋಡೂಣು, ಅದರಾಗ ಏನು ಕೂಡಸೀದಿ."

ಮಗ ನಕ್ಕ, ಸೊಸೆಯೂ ನಕ್ಕು ಎರಡು ಸೌಟು ಹಾಕಿದಳು. ಮೊಮ್ಮಗಳು ಇನ್ನೊಂದು ರೊಟ್ಟಿ ಬೇಕೆಂದಳು. ನಾನು ದೀಪದ ಕಡೆಗೆ ಅವಳ ಗಲ್ಲ ತಿರುಗಿಸಿ ತುಟಿ ನೋಡಿದೆ. ಬೆಣ್ಣೆ ಅಂಟಿತ್ತು, ಅಷ್ಟೆ. ಬುಟ್ಟಿಯಲ್ಲಿದ್ದ ಬಿಸಿಯಾದ ಒಂದನ್ನು ಆರಿಸಿ ಅವಳ ತಟ್ಟೆಗೆ ಹಾಕಿದೆ.