ವಿಭೂತಿ ತಟ್ಟೆ ಬಾಗಿಲ ಬಳಿ ಇಟ್ಟ ಶನಿವಾರ

೧೯೯೭ರ ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಬಸವಕಲ್ಯಾಣದಲ್ಲಿ ಲಿಂಗಾಯತ ಕಮಿಟಿಯೊಂದು ನಡೆಸುವ ನಮ್ಮ ಶಾಲೆಯ ಎರಡನೇ ತರಗತಿ. ಇದ್ದವರು ಮಕ್ಕಳು, ಅವರ ಶಿಕ್ಷಕಿ ನಾನು, ಬಾಗಿಲಲ್ಲಿ ಮುಖ್ಯ ಗುರುಗಳು, ಅವರ ಪಕ್ಕ ಕೊಹಿನೂರದಿಂದ ಬಂದ ಒಬ್ಬ ತಾಯಿ.

ಶನಿವಾರದ ಮೊದಲ ಅವಧಿ ಧರ್ಮಪಾಠದ್ದು. ಮಕ್ಕಳು ಸಾಲಾಗಿ ಬಂದರೆ ನಾನು ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ಆಮೇಲೆ ವಚನ, ಕೊನೆಗೆ ಪುಟಾಣಿ, ಅಂದರೆ ಹುರಿಗಡಲೆ, ಸಕ್ಕರೆಯ ಪ್ರಸಾದ.

ಆ ತಾಯಿ ಹೊಲದ ಕೂಲಿಯವರು, ಬೌದ್ಧರು. ಹೊಸದಾಗಿ ಸೇರಿದ್ದ ಅವರ ಮಗಳು ಹಿಂದಿನ ಶನಿವಾರ ಸಾಲಿನಿಂದ ಸರಿದು ನಿಂತಿದ್ದಳು. ಪ್ರಸಾದದ ಹೊತ್ತಿಗೆ ಪಕ್ಕದ ಹುಡುಗಿ ಆಕೆಯ ಕೈ ತಳ್ಳಿ, "ಹಣಿ ಖಾಲಿ, ಕೈನೂ ಖಾಲಿ!" ಎಂದಳು. ತರಗತಿಯೆಲ್ಲ ನಕ್ಕಿತು. ನಾನು ಕೊಟ್ಟ ಪುಟಾಣಿಯನ್ನು ಆಕೆ ತಿನ್ನಲಿಲ್ಲ.

"ನಮ್ಮ ಮನ್ಯಾಗ ಹಚ್ಚಂಗಿಲ್ರಿ ಅಕ್ಕೋರ. ಹಚ್ಚಲೇಬೇಕಂದ್ರ ಇವತ್ತೇ ಹೆಸರು ತೆಗಿಸಿ ಕರ್ಕೊಂಡು ಹೋಗ್ತೀನ್ರಿ. ಅಕಿ ನೋಡಿದ್ರ ಸಾಲಿ ಬಿಡಂಗಿಲ್ಲಂತ ಅಳಾಕತ್ತಾಳ" ಎಂದರು ತಾಯಿ.

"ಒಬ್ಬಾಕಿ ಸಲುವಾಗಿ ಕಾಯ್ದೆ ಬದಲಿ ಮಾಡಾಕ ಆಗಂಗಿಲ್ಲಬೇ" ಎಂದರು ಮುಖ್ಯ ಗುರುಗಳು.

"ಈಬತ್ತಿ ಹಚ್ಚದಿದ್ರ ಅಕ್ಷರ ತಲ್ಯಾಗ ಇಳಿಯಂಗಿಲ್ಲೇನ್ರಿ ಸರ?"

ಗುರುಗಳು ನನ್ನತ್ತ ನೋಡಿದರು. ಕ್ರಮ ತಪ್ಪಿಸುವುದು ನನಗೂ ಸೇರದು. ಆದರೆ ಯಾರನ್ನೂ ಹೊರಗಿನವರೆನ್ನಬಾರದೆಂಬ ವಚನವೇ ಅಂದಿನ ಪಾಠ. ಅದನ್ನು ಹೇಳುತ್ತ ಆ ಹಣೆಗೆ ಬೆರಳು ಒಯ್ಯಲು ನನ್ನಿಂದಾಗಲಿಲ್ಲ. ಮೊದಲು ಎಲ್ಲರಿಗೂ ಪುಟಾಣಿ ಹಂಚಿದೆ. ವಿಭೂತಿ ತಟ್ಟೆಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, "ಮನಿಗೆ ಹೋಗುವಾಗ ಬೇಕಾದವರು ತಾವೇ ಹಚ್ಕೊಳ್ರಿ" ಎಂದೆ. ಹೊಸ ಹುಡುಗಿ ತಾಯಿಯ ಮುಖ ನೋಡಿ, ಒಂದೊಂದೇ ಪುಟಾಣಿ ಬಾಯಿಗೆ ಹಾಕಿಕೊಂಡಳು.

"ಸೋಮವಾರ ಕಮಿಟಿಯವರ ಮುಂದ ನೀವೇ ಜವಾಬು ಹೇಳ್ರಿ" ಎಂದು ಗುರುಗಳು ಹೊರಟುಹೋದರು.

ಶಾಲೆ ಬಿಟ್ಟಾಗ ಮನೆಗೆ ಓಡುವ ಅವಸರದಲ್ಲಿ ಲಿಂಗಾಯತ ಭಕ್ತರ ಮಕ್ಕಳೇ ಎಷ್ಟೋ ಮಂದಿ ತಟ್ಟೆ ಮುಟ್ಟದೆ ಹೋದರು. ಕೆಲವರು ಒಬ್ಬರ ಮೂಗಿಗೆ ಒಬ್ಬರು ಬಳಿದು ನಕ್ಕರು. ಅದು ನಾನು ಬಯಸಿದ್ದಲ್ಲ.

ಅಲ್ಲಿತನಕ ಹೊರಗೆ ಕಾದಿದ್ದ ತಾಯಿ ಮಗಳ ಕೈ ಹಿಡಿದು, "ಮುಂದಿನ ಶನಿವಾರನೂ ಹಿಂಗ ಇದ್ರ ಕಳಸ್ತೀನ್ರಿ" ಎಂದರು. "ಸೋಮವಾರ ಕಮಿಟಿಯವರು ಏನಂತಾರ ನೋಡಿ ಹೇಳ್ತೀನ್ರಿ" ಎಂದೆ.

ನೆಲಕ್ಕೆ ಚೆಲ್ಲಿದ್ದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ತಟ್ಟೆ ಮುಚ್ಚಿ ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ.