ಬಾರದ ಬಿರುಗಾಳಿಯ ದಿನ ಅತ್ತೆಯ ಕಾರು

ಆ ವಾರವಿಡೀ ಟಿವಿಯವರಿಗೆ ಬೇರೆ ಸುದ್ದಿಯೇ ಇರಲಿಲ್ಲ. ಬಿರುಗಾಳಿ ಬರುತ್ತದೆ, ಬಂದೇ ಬಿಟ್ಟಿತು, ಇನ್ನೇನು ಬಾಗಿಲಲ್ಲಿದೆ ಎಂದು ಬಾಯಿ ಬಡಿದುಕೊಂಡರು. ಹುಟ್ಟುವ ಮೊದಲೇ ಅದಕ್ಕೊಂದು ಹೆಸರಿಟ್ಟು, ಪರದೆಯ ಮೇಲೆ ಕೆಂಪು ಚಕ್ರವೊಂದನ್ನು ಗಿರಗಿರ ತಿರುಗಿಸಿದರು. ರೇನ್‌ಕೋಟು ತೊಟ್ಟ ವರದಿಗಾರನೊಬ್ಬ ಒಣ ಬೀದಿಯಲ್ಲಿ ನಿಂತು, ಈಗಲೋ ಆಗಲೋ ಹಾರಿಹೋಗುವವನಂತೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ಹಿಂದೆ ನಾಯಿಯೊಂದು ಕಾಲು ಚಾಚಿ ಮಲಗಿತ್ತು.

“ಆ ನಾಯಿನ ಕೇಳಬೇಕಿತ್ತು, ಸರಿಯಾಗಿ ಹೇಳ್ತಿತ್ತು” ಎಂದು ಅತ್ತೆ ಟಿವಿ ಆರಿಸಿದರು.

ನನ್ನ ಗಂಡ ಮತ್ತೆ ಹಾಕಿದರು. ಅವರ ಆಫೀಸಿಗೆ ರಜೆ ಕೊಟ್ಟಾಗಿತ್ತು. ರಜೆಯನ್ನು ಸುಮ್ಮನೆ ಕಳೆಯುವ ಜಾಯಮಾನ ಅವರದಲ್ಲ. ಬಕೆಟ್ಟುಗಳಲ್ಲಿ ನೀರು ತುಂಬಿಸಿಟ್ಟರು, ಮಹಡಿಯ ಹೂಕುಂಡಗಳನ್ನೆಲ್ಲ ಬಚ್ಚಲುಮನೆಗೆ ಸಾಗಿಸಿದರು, ಕಿಟಕಿಯ ಗಾಜುಗಳ ಮೇಲೆ ಕಂದು ಬಣ್ಣದ ಟೇಪನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿದರು. ಮನೆ ಅಂಚೆಗೆ ಹಾಕಲು ಕಟ್ಟಿಟ್ಟ ಪಾರ್ಸೆಲ್ಲಿನ ಹಾಗೆ ಕಾಣುತ್ತಿತ್ತು. ನಾನು ನಕ್ಕೆ. ಅವರು ನಗಲಿಲ್ಲ.

ಅತ್ತೆ ಕೆಲಸ ಮಾಡುವುದು ಊರಾಚೆಯ ಹ್ಯಾಚರಿಯಲ್ಲಿ, ಎಂದರೆ ಯಂತ್ರದ ಕಾವಿನಲ್ಲಿ ಮೊಟ್ಟೆಯಿಟ್ಟು ಕೋಳಿಮರಿ ಮಾಡಿಸುವ ಕಡೆ. ಮಾವ ತೀರಿಕೊಂಡ ವರ್ಷ ಟ್ರೇ ತೊಳೆಯಲು ಸೇರಿದವರು ಈಗ ಮರಿಕೋಣೆಯ ಮೇಲ್ವಿಚಾರಕಿ. ಮೊದಲು ಸೈಕಲ್ಲಿನಲ್ಲಿ ಹೋಗುತ್ತಿದ್ದರಂತೆ. ಆಮೇಲೆ ಹ್ಯಾಚರಿಯ ವ್ಯಾನಿನ ಡ್ರೈವರನ್ನು ಕಾಡಿ ಬೇಡಿ ಡ್ರೈವಿಂಗ್ ಕಲಿತು, ತಮ್ಮದೇ ದುಡಿಮೆಯಲ್ಲಿ ಒಂದು ಹಳೆಯ ಪುಟ್ಟ ಕಾರು ಕೊಂಡರು. ಅದರ ಬಣ್ಣ ಒಂದು ಕಾಲಕ್ಕೆ ನೀಲಿ. ವೈಪರುಗಳಲ್ಲಿ ಓಡುವುದು ಡ್ರೈವರ್ ಕಡೆಯದು ಮಾತ್ರ. “ನೋಡೋಳು ನಾನು ತಾನೇ? ಪಕ್ಕದಲ್ಲಿ ಕೂತೋರಿಗೆ ದಾರಿ ಕಂಡ್ರೆ ಸುಮ್ಮನೆ ಸಲಹೆ ಕೊಡ್ತಾರೆ” ಎನ್ನುವುದು ಅತ್ತೆಯ ವಾದ.

ಆ ಕಾರಿನ ಮೇಲೆಯೇ ನನ್ನ ಗಂಡನ ಕಣ್ಣು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿ, ಡಾಕ್ಟರು ಧಾರಾಳವಾಗಿ ಓಡಿಸಿ ಎಂದು ಹೇಳಿಯೂ ಆಗಿತ್ತು. ಆದರೆ ಅದಕ್ಕೂ ಮುಂಚೆ ಒಮ್ಮೆ ಕಾರು ಗೇಟಿನ ಕಂಬಕ್ಕೆ ತಾಗಿತ್ತು. ಅಂದಿನಿಂದ ಮನೆಯಲ್ಲಿ ಒಂದೇ ರಾಗ: ಅಮ್ಮ ಕಾರು ಬಿಡಬೇಕು, ಕೆಲಸ ಬಿಡಬೇಕು, ಹಾಯಾಗಿ ಕೂರಬೇಕು. ಅತ್ತೆ ಇದಕ್ಕೆ ಸೊಪ್ಪು ಹಾಕಿರಲಿಲ್ಲ. ಬಿರುಗಾಳಿಯ ಸುದ್ದಿ ನನ್ನ ಗಂಡನಿಗೆ ದೇವರು ಕೊಟ್ಟ ಅವಕಾಶದಂತೆ ಒದಗಿ ಬಂತು.

ಆ ದಿನ ಬೆಳಿಗ್ಗೆ ಅತ್ತೆ ಊಟದ ಡಬ್ಬಿ ಕಟ್ಟಿಕೊಂಡು, ಸೆರಗು ಸಿಕ್ಕಿಸಿ, ಕೀ ಹಿಡಿದು ಹೊರಟರೆ, ಇವರು ಬಾಗಿಲಿಗೆ ಅಡ್ಡ ನಿಂತರು.

“ಅಮ್ಮ, ಇವತ್ತು ಊರಲ್ಲಿ ಒಬ್ಬರೂ ಹೊರಗೆ ಹೋಗ್ತಿಲ್ಲ.”

“ಒಳ್ಳೇದಾಯ್ತು. ಟ್ರಾಫಿಕ್ ಇರಲ್ಲ.”

“ತಮಾಷೆ ಸಾಕು. ಒಂದು ದಿನ ಹೋಗದೇ ಇದ್ರೆ ಏನು ಮುಳುಗಿಹೋಗುತ್ತೆ?”

“ಇವತ್ತು ಮರಿ ಏಳೋ ದಿನ ಕಣೋ. ದಿನ ತುಂಬಿದ ಬಸುರಿ ಹತ್ರ ಹೋಗಿ, ಬಿರುಗಾಳಿ ಮುಗೀಲಿ, ಆಮೇಲೆ ಹೆರು ಅಂತ ಹೇಳ್ತೀಯಾ? ಮೊಟ್ಟೆ ಒಳಗಿರೋ ಮರಿ ಟಿವಿ ನೋಡಲ್ಲ.”

ಇವರ ಮುಖ ಕೆಂಪಾಯಿತು. “ಸರಿ, ಹೋಗು. ಆದ್ರೆ ಇದೇ ಕೊನೆ. ಸಾಯಂಕಾಲ ವಾಪಸ್ ಬಂದು ಕೀ ನನ್ನ ಕೈಗೆ ಕೊಡಬೇಕು. ಕಾರು ಕೊಳ್ಳೋರ ಹತ್ರ ಮಾತಾಡಿದ್ದೀನಿ.”

ಅತ್ತೆ ಕೀಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡರು. ಮಗ ತಮ್ಮ ಬೆನ್ನ ಹಿಂದೆ ವ್ಯಾಪಾರ ಕುದುರಿಸಿದ್ದು ಅವರಿಗೆ ನಾಟಿತ್ತು.

“ಸಾಯಂಕಾಲ ಆಗಲಿ, ನೋಡೋಣ” ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

“ನೀನಾದ್ರೂ ಜೊತೆಗೆ ಹೋಗು, ಅಮ್ಮನ ಮೇಲೆ ಒಂದು ಕಣ್ಣಿಡು” ಎಂದು ಇವರು ನನ್ನನ್ನು ಹಿಂದೆ ಅಟ್ಟಿದರು. ನನಗೆ ಕಾರು ಓಡಿಸಲು ಬರುತ್ತದೆ ಎನ್ನುವುದು ಅವರಿಗೆ ಮರೆತೇಹೋಗಿತ್ತು. ಮದುವೆಗೆ ಮುಂಚೆ ಲೈಸೆನ್ಸ್ ಮಾಡಿಸಿದ್ದೆ. ಮದುವೆಯಾದ ಮೇಲೆ, ಈ ಊರಿನ ರಸ್ತೆ ಸರಿಯಿಲ್ಲ, ನಿನಗ್ಯಾಕೆ ಇಲ್ಲದ ತಲೆನೋವು, ಎಲ್ಲಿಗೆ ಬೇಕಾದರೂ ನಾನು ಬಿಡುತ್ತೇನೆ ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ಆದ್ದರಿಂದಲೇ ನಾನು ಎದುರಾಡಿರಲಿಲ್ಲ.

ರಸ್ತೆ ಬಿಕೋ ಎನ್ನುತ್ತಿತ್ತು. ಅಂಗಡಿಗಳ ಷಟರ್ ಇಳಿದಿದ್ದವು, ಬಸ್ ನಿಲ್ದಾಣದಲ್ಲಿ ನರಪಿಳ್ಳೆಯಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ನಿಜ. ಗಾಜಿನ ಮೇಲೆ ನಾಲ್ಕು ಹನಿ ಬಿದ್ದವು. ಅತ್ತೆ ವೈಪರನ್ನು ಒಮ್ಮೆ ಆಡಿಸಿ ನಿಲ್ಲಿಸಿದರು.

“ಹಾ, ಬಂತು ನೋಡು ಬಿರುಗಾಳಿ. ನಿನ್ನ ಕಡೆ ಎಷ್ಟು ಹನಿ?”

“ಒಂದೇ ಒಂದು ಅತ್ತೆ.”

“ಹುಷಾರು, ಕೊಚ್ಚಿಕೊಂಡು ಹೋದೀಯ.”

ನಗುತ್ತಲೇ ಇದ್ದರು, ಆದರೆ ಸ್ಟೇರಿಂಗ್ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು. ಕೊನೆಯ ಸಲ ಎಂಬ ಮಾತು ಅವರ ಜೊತೆಯಲ್ಲೇ ಕಾರು ಹತ್ತಿತ್ತು.

ಸೇತುವೆಯ ಹತ್ತಿರ ಪೊಲೀಸಿನವನೊಬ್ಬ ಅಡ್ಡಗಂಬಿ ಹಾಕಿಕೊಂಡು ನಿಂತಿದ್ದ. ಬಗ್ಗಿ ನೋಡಿ, “ಎಲ್ಲಿಗಮ್ಮ? ಬಿರುಗಾಳಿ ಬರ್ತಾ ಇದೆ, ಗೊತ್ತಿಲ್ವಾ?” ಎಂದ.

“ಎಲ್ಲಿದೆ? ಕರೀರಿ, ನಾನೇ ಮಾತಾಡ್ತೀನಿ.”

“ಆಟ ಆಡಬೇಡಿ. ತುರ್ತು ಇದ್ದೋರನ್ನ ಮಾತ್ರ ಬಿಡೋದು.”

“ಇದಕ್ಕಿಂತ ತುರ್ತು ಏನಿದೆಯಪ್ಪ? ಹೆರಿಗೆಗೆ ಹೊರಟಿದ್ದೀವಿ.”

ಅವನು ನನ್ನ ಕಡೆ ನೋಡಿದ. ನಾನು ಹಿಂದೆಮುಂದೆ ಯೋಚಿಸದೆ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟು ನರಳಿದೆ. ಪಾಪ, ಓಡಿಹೋಗಿ ಕಂಬಿ ಎತ್ತಿದ. ಸೇತುವೆ ದಾಟಿದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. “ಪರವಾಗಿಲ್ವೇ, ನನ್ನ ಮಗನಿಗಿಂತ ಬುದ್ಧಿವಂತೆ ನೀನು” ಎಂದು ಅತ್ತೆ ನನ್ನ ತೊಡೆಗೆ ಒಂದು ಏಟು ಕೊಟ್ಟರು.

ಹ್ಯಾಚರಿಯ ಗೇಟಿನಲ್ಲಿ ಕಾವಲುಗಾರನೊಬ್ಬನೇ ಇದ್ದ. ಅವನನ್ನು ಎಲ್ಲರೂ ವಾರ್ತೆ ಎಂದು ಕರೆಯುತ್ತಾರೆ. ಟಿವಿಯಲ್ಲಿ ಕೇಳಿದ್ದನ್ನೆಲ್ಲ ಬಂದವರಿಗೆ ಇನ್ನೊಮ್ಮೆ ಓದಿ ಹೇಳುವ ಚಾಳಿ ಅವನದು. ಅಂದು ಎದೆಯುಬ್ಬಿಸಿ ನಿಂತಿದ್ದ.

“ಬೇರೆ ಯಾರೂ ಬಂದಿಲ್ಲ ಅಕ್ಕ. ಆದ್ರೆ ಏನೂ ಚಿಂತೆ ಮಾಡಬೇಡಿ. ಬೆಳಿಗ್ಗೆ ಎದ್ದವನೇ ಎಲ್ಲಾ ಭದ್ರ ಮಾಡಿದ್ದೀನಿ. ಮರಿಕೋಣೆಗೆ ಒಂದಿಷ್ಟೂ ಗಾಳಿ ನುಗ್ಗಬಾರದು ಅಂತ ಕಿಂಡಿಗಳಿಗೆಲ್ಲ ಗೋಣಿ ತುರುಕಿ ಟೇಪ್ ಹಾಕಿಬಿಟ್ಟೆ.”

ಅತ್ತೆಯ ಮುಖದಲ್ಲಿದ್ದ ನಗು ಹಾಗೇ ಆರಿಹೋಯಿತು. ಕಾರಿನ ಬಾಗಿಲನ್ನೂ ಹಾಕದೆ ಓಡಿದರು. ಅವರು ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮರಿಕೋಣೆಯ ಬಾಗಿಲು ತೆರೆದರೆ ಸೆಕೆ ಮುಖಕ್ಕೆ ರಾಚಿತು. ಮೊಟ್ಟೆಯೊಡೆದು ಹೊರಬಂದ ಮರಿಗಳ ಮೈಯಿಂದಲೇ ಎಷ್ಟು ಶಾಖ ಏಳುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಫ್ಯಾನುಗಳು ಅದೇ ಬಿಸಿ ಗಾಳಿಯನ್ನು ಸುತ್ತಿ ಸುತ್ತಿ ಕಡೆಯುತ್ತಿದ್ದವು. ಟ್ರೇಗಳ ತುಂಬ ಹಳದಿ ಮರಿಗಳು, ರೆಕ್ಕೆ ಅಗಲಿಸಿ, ಕೊಕ್ಕು ತೆರೆದು, ಏದುಸಿರು ಬಿಡುತ್ತ ಬಿದ್ದಿದ್ದವು. ಚಿಲಿಪಿಲಿ ಎನ್ನುವ ಸದ್ದೇ ಇಲ್ಲ.

“ಕಿತ್ತುಹಾಕು” ಎಂದರು ಅತ್ತೆ. ಸ್ಟೂಲು ಹತ್ತಿ ಒಂದು ಕಡೆಯಿಂದ ಅವರು, ಇನ್ನೊಂದು ಕಡೆಯಿಂದ ನಾನು, ಹೊರಗಿನಿಂದ ವಾರ್ತೆ, ಟೇಪು ಹರಿದು ಗೋಣಿ ಎಳೆದೆವು. ಉಗುರು ಸೀಳಿತು. ಹೊರಗೆ ಬೀಸುತ್ತಿದ್ದ ತಂಗಾಳಿ, ಟಿವಿಯವರು ಊರನ್ನೆಲ್ಲ ಹೆದರಿಸಿದ ಅದೇ ಗಾಳಿ, ಕಿಂಡಿಗಳಿಂದ ಒಳಗೆ ಬಂತು. ಸ್ವಲ್ಪ ಹೊತ್ತಿಗೆ ಒಂದು ಟ್ರೇಯಲ್ಲಿ ಒಂದು ಮರಿ ಕೂಗಿತು. ಆಮೇಲೆ ಪಕ್ಕದ್ದು. ಆಮೇಲೆ ನಾವು ಮಾತಾಡಿದ್ದು ನಮಗೇ ಕೇಳಿಸದಷ್ಟು ಗದ್ದಲ.

ಎಲ್ಲವೂ ಉಳಿಯಲಿಲ್ಲ. ಉಳಿಯದವನ್ನು ಅತ್ತೆ ತಾವೇ ಆರಿಸಿ ಬೇರೆ ಬುಟ್ಟಿಗೆ ಹಾಕಿದರು, ನನ್ನ ಕೈಗೆ ಕೊಡಲಿಲ್ಲ. ವಾರ್ತೆ ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದ. “ಒಳ್ಳೇದಾಗಲಿ ಅಂತಲೇ ಮಾಡಿದೆ ಅಕ್ಕ” ಎಂದ. ತೋಳಿನಿಂದ ಕಣ್ಣೊರೆಸಿಕೊಂಡ.

“ಗೊತ್ತು ಬಿಡೋ” ಎಂದರು ಅತ್ತೆ. “ಬಾ, ಟ್ರೇ ಹಿಡಿ. ಅಳೋಕೆ ನಾಳೆ ಟೈಮ್ ಇದೆ.”

ದಿನವೆಲ್ಲ ಮೂವರೇ ಹತ್ತು ಜನರ ಕೆಲಸ ಮಾಡಿದೆವು. ಮರಿಗಳನ್ನು ಆರಿಸಿ, ತೂತಿನ ಪೆಟ್ಟಿಗೆಗಳಿಗೆ ತುಂಬಿ, ಒಂದರ ಮೇಲೊಂದು ಪೇರಿಸಿದೆವು. ನನ್ನ ಕೂದಲು, ಕಿವಿ, ಮೂಗು ಎಲ್ಲ ಹಳದಿ ತುಪ್ಪಳ. ಸೊಂಟ ಬಿದ್ದುಹೋಗಿತ್ತು. ಇಷ್ಟು ಖುಷಿಯಾಗಿ ನಾನು ಯಾವ ಕಾಲದಲ್ಲಿ ಇದ್ದೆನೋ ನೆನಪಿಲ್ಲ. ಸಂಜೆಗೆ ಮರಿ ಸಾಗಿಸುವ ಲಾರಿ ಬಂತು. ಅದರ ಡ್ರೈವರು ರಸ್ತೆಯಲ್ಲಿ ಬಿರುಗಾಳಿಯನ್ನು ಹುಡುಕಿ ಹುಡುಕಿ ಸಾಕಾಯಿತು ಎಂದ.

ಕೈ ತೊಳೆಯುವಾಗ ಅತ್ತೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದರು. “ಮನೇಲಿ ಕೂತರೆ ನನಗೂ ಆ ಮರಿಗಳ ಹಾಗೇ ಆಗೋದು ಕಣೇ. ಯಾರೂ ಕೆಟ್ಟೋರಲ್ಲ. ಒಳ್ಳೇದಕ್ಕೇ ಅಂತ ಒಂದೊಂದೇ ಕಿಂಡಿ ಮುಚ್ಚಿಕೊಂಡು ಬರ್ತಾರೆ.” ನಲ್ಲಿ ನಿಲ್ಲಿಸಿ, “ನಿನಗೂ ಅಷ್ಟೇ” ಎಂದರು.

ಸಿಟ್ಟು ಬಂತು. ಯಾರ ಮೇಲೆಂದು ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು: ಇಷ್ಟು ವರ್ಷ ಲೈಸೆನ್ಸನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟವಳು ನಾನೇ.

ಹೊರಗೆ ಬಂದಾಗ ಮೋಡ ಹರಿದು ಸಂಜೆಬಿಸಿಲು ಬಿದ್ದಿತ್ತು. ಅತ್ತೆ ಕಾರಿನ ಎಡಗಡೆ ಹೋಗಿ ಕೂತುಬಿಟ್ಟರು. ಕೀ ನನ್ನ ಕಡೆ ಚಾಚಿದರು.

“ಅತ್ತೆ, ನಾನು ಓಡಿಸಿ ವರ್ಷಗಳೇ ಆಯ್ತು.”

“ಇಂಥ ಖಾಲಿ ರಸ್ತೆ ಮತ್ತೆ ಯಾವಾಗ ಸಿಗುತ್ತೆ? ನಿನಗೋಸ್ಕರ ಟಿವಿಯೋರು ಇಡೀ ಊರು ಖಾಲಿ ಮಾಡಿಸಿಕೊಟ್ಟಿದ್ದಾರೆ. ಹತ್ತು, ಹತ್ತು.”

ಕಾರು ಮೊದಲು ಕುಪ್ಪಳಿಸಿತು, ಕೆಮ್ಮಿತು, ನಿಂತೇಹೋಯಿತು. ಅತ್ತೆ ಒಂದು ಸಲಹೆಯನ್ನೂ ಕೊಡಲಿಲ್ಲ. ಎರಡನೆಯ ಸಲ ಗೇಟು ದಾಟಿತು. ಗೇರು ಬದಲಿಸುವಾಗಲೆಲ್ಲ ಹಲ್ಲು ಕಚ್ಚಿದೆ. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ನಡುರಸ್ತೆಯಲ್ಲಿ ಮಲಗಿದ್ದ ಹಸುವೊಂದನ್ನು ಸುತ್ತುಹಾಕಿ ಮುಂದೆ ಹೋದ ಮೇಲೆ ನನಗೇ ನನ್ನ ಮೇಲೆ ಮರ್ಯಾದೆ ಬಂತು. ಸೇತುವೆಯಲ್ಲಿ ಅದೇ ಪೊಲೀಸಿನವನಿದ್ದ. ನಾನು ಸ್ಟೇರಿಂಗ್ ಹಿಡಿದಿದ್ದು ಕಂಡು ಕಣ್ಣು ಕಣ್ಣು ಬಿಟ್ಟ.

“ಹೆರಿಗೆ ಆಯ್ತೇನಮ್ಮ?”

“ಸುಸೂತ್ರ ಆಯ್ತು” ಎಂದರು ಅತ್ತೆ. “ತಾಯಿನೇ ಓಡಿಸ್ತಿದ್ದಾಳೆ, ನೋಡಿ.”

ಅವನು ತಲೆ ಕೆರೆದುಕೊಂಡು ಕಂಬಿ ಎತ್ತಿದ.

ನನ್ನ ಗಂಡ ಗೇಟಿನ ಮುಂದೆ ಕಾಯುತ್ತಿದ್ದರು. ರೇನ್‌ಕೋಟು ತೊಟ್ಟಿದ್ದರು. ಅವರ ಮೇಲೆ ಬಿಸಿಲು ಬಿದ್ದಿತ್ತು. ಕಾರು ಕಂಡದ್ದೇ ಓಡಿಬಂದು, ಅಭ್ಯಾಸದಂತೆ ಬಲಗಡೆಯ ಕಿಟಕಿಗೆ ಬಗ್ಗಿ ಕೈ ಚಾಚಿದರು.

“ಸದ್ಯ, ಬಂದೆಯಲ್ಲ. ಎಲ್ಲಿ, ಕೀ ಕೊಡಮ್ಮ.”

ನಾನು ಅವರತ್ತ ಮುಖ ತಿರುಗಿಸಿದೆ. ಅವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ನಾನು ಆತುರಪಡದೆ ಕಾರನ್ನು ಗೇಟಿನ ಎರಡು ಕಂಬಗಳ ನಡುವೆ ತಂದು, ಯಾವುದಕ್ಕೂ ತಾಗಿಸದೆ ಒಳಗೆ ನಿಲ್ಲಿಸಿದೆ. ಅವರು ಪಕ್ಕದಲ್ಲೇ ನಡೆದು ಬಂದರು, ಕೈ ಇನ್ನೂ ಚಾಚಿಕೊಂಡೇ.

“ಕೀ ನನ್ನ ಹತ್ರ ಇದೆ ರೀ” ಎಂದೆ. “ಕೊಡಲ್ಲ. ಕಾರು ಕೊಳ್ಳೋರಿಗೆ ಫೋನ್ ಮಾಡಿ ಇಲ್ಲ ಅಂದುಬಿಡಿ. ನಾಳೆ ಹೋಗುವಾಗ ಅತ್ತೆ ಓಡಿಸ್ತಾರೆ, ಬರುವಾಗ ನಾನು.”

ಅವರು ತಾಯಿಯ ಕಡೆ ನೋಡಿದರು. ಅತ್ತೆ ಕಾರಿನಿಂದಿಳಿದು, ತುಪ್ಪಳ ಮೆತ್ತಿದ ಸೀರೆ ಕೊಡವಿ, ಹಿಂದಿನ ಸೀಟಿನಿಂದ ಖಾಲಿ ಊಟದ ಡಬ್ಬಿ ತೆಗೆದು, ಚಾಚಿದ್ದ ಆ ಕೈಯ ಮೇಲೆ ಇಟ್ಟರು.

“ಬಕೆಟ್ ತುಂಬ ನೀರು ಹಿಡಿದಿಟ್ಟಿದ್ದೀಯಲ್ಲ. ತೊಳೆದಿಡು” ಎಂದು ಹೇಳಿ ಒಳಗೆ ಹೋದರು.