ನೋಂಬಿನ ತಟ್ಟೆ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಪವಾಡ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕ ನಾಡಿ, ಅಷ್ಟೇ ನನಗೆ ಸತ್ಯ. ಆದರೂ ಕ್ರಿಸ್‌ಮಸ್‌ಗೆ ಮುಂಚಿನ ಇಪ್ಪತ್ತೈದು ದಿನದ ನೋಂಬು ಹಿಡಿದಾಗಲೆಲ್ಲ ಆ ಒಂದು ಭಾನುವಾರ ನೆನಪಾಗುತ್ತದೆ.

ನಮ್ಮದು ಗಡಿಯೂರು ಕಾಟ್ಟಿಕುಳಂ. ಅಪ್ಪ ಮಲಯಾಳಿ, ಅಮ್ಮ ಬಾವಲಿ ಹೊಳೆಯಾಚೆಯ ಕನ್ನಡದವಳು. ನೋಂಬು ಎಂದರೆ ಮೀನು, ಮಾಂಸ ಹೊಸ್ತಿಲು ದಾಟುವಂತಿಲ್ಲ. ಸಂಜೆಗೆ ಕೆಂಪಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಿಡಿಮಾವಿನ ಉಪ್ಪಿನಕಾಯಿ. ನಾನು ಜರ್ಮನಿಗೆ ಹೋದ ಮೇಲೆ ಅಮ್ಮ ನೋಂಬಿನ ಪ್ರತಿ ಸಂಜೆ ನನ್ನ ಸ್ಟೀಲ್ ತಟ್ಟೆಗೂ ಬಡಿಸಿಡತೊಡಗಿದಳು. ಕೊನೆಗೆ ಅದನ್ನೂ ತಾನೇ ಉಣ್ಣುತ್ತಿದ್ದಳು. "ನೀನು ಅಲ್ಲಿ ಬಡಿಸಿದ್ರೆ ಇಲ್ಲಿ ನನ್ನ ಹೊಟ್ಟೆ ತುಂಬ್ತದಾ?" ಎಂದು ಫೋನಿನಲ್ಲಿ ನಗುತ್ತಿದ್ದೆ.

"ನಿಂಗ್ಯಾಕೆ ಅದೆಲ್ಲ? ನನ್ನ ಮನೆ, ನನ್ನ ಗಂಜಿ," ಎನ್ನುತ್ತಿದ್ದಳು.

ಅಲ್ಲಿ ನನ್ನದು ಎರಡನೆಯ ಡಿಸೆಂಬರ್. ಕೆಲಸ ಕಾಯಂ ಆಗಲು ಬರೆಯಬೇಕಿದ್ದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಸೋಮವಾರ ಕೊನೆಯ ಅವಕಾಶ. ಅದೂ ಹೋದರೆ ಗಂಟುಮೂಟೆ ಕಟ್ಟಿ ವಾಪಸ್ಸು. ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಗೆಳತಿಯರು ಹಸಿರು ರೆಂಬೆಯ ಸಿಂಬಿಯಲ್ಲಿ ಕ್ರಿಸ್‌ಮಸ್‌ವರೆಗೆ ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಮೂರನೆಯದನ್ನು ಹಚ್ಚಿ, ಆರಿಸಿ, ಹೊರಟುಹೋದರು. ಹೊರಗೆ ಮೊಣಕಾಲುದ್ದ ಹಿಮ. ಭಾನುವಾರ ಅಲ್ಲಿ ಅಂಗಡಿ ತೆರೆಯುವುದಿಲ್ಲ. ಓದಿನ ಗಡಿಬಿಡಿಯಲ್ಲಿ ನಾನು ಶನಿವಾರ ಏನೂ ತಂದಿಟ್ಟಿರಲಿಲ್ಲ. ಅಡುಗೆಮನೆಯಲ್ಲಿದ್ದದ್ದು ಯಾರೋ ಮಾಡಿಟ್ಟ ಹಂದಿಮಾಂಸದ ಸಾರು ಮಾತ್ರ. ಮುಚ್ಚಳ ತೆಗೆದೆ, ಮತ್ತೆ ಮುಚ್ಚಿದೆ. ನೋಂಬು ಮುರಿಯಲಾರೆ ಎಂದರೆ ಮುರಿಯಲಾರೆ. ಆ ಹಠದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯೇ. ಅಕ್ಷರಗಳು ಕಣ್ಣ ಮುಂದೆ ಕುಣಿಯುತ್ತಿದ್ದವು. ಮಧ್ಯಾಹ್ನ ಮೂರಕ್ಕೆ, ಅಂದರೆ ನಮ್ಮೂರಿನಲ್ಲಿ ರಾತ್ರಿ ಏಳೂವರೆಯ ಊಟದ ಹೊತ್ತಿಗೆ, ಪುಸ್ತಕದ ಮೇಲೆ ತಲೆಯಿಟ್ಟದ್ದಷ್ಟೇ ಗೊತ್ತು.

ಎದ್ದಾಗ ಹೊಟ್ಟೆ ತುಂಬಿತ್ತು. ಹಸಿವು ಸತ್ತುಹೋಗಿತ್ತು ಎನ್ನಬೇಡಿ, ಎರಡರ ವ್ಯತ್ಯಾಸ ನರ್ಸಿಗೆ ಗೊತ್ತಿರುತ್ತದೆ. ಬಲಗೈ ಬೆರಳಲ್ಲಿ ಉಪ್ಪಿನಕಾಯಿಯ ವಾಸನೆ. ಉಗುರಿನ ಸಂದಿಯಲ್ಲಿ ಕೆಂಪಕ್ಕಿಯ ಒಂದು ಅಗುಳು. ದಿನಕ್ಕೆ ನಲವತ್ತು ಸಲ ಕೈ ತೊಳೆಯುವವಳು ನಾನು; ಆ ಊರಲ್ಲಿ ಕೆಂಪಕ್ಕಿಯನ್ನು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನ್. ನಾನು ಬಾಯಿ ಬಿಡುವ ಮೊದಲೇ, "ಮೋಳೇ, ಪಲ್ಯ ತರಕ್ಕೆ ಒಳಕ್ಕೆ ಹೋಗಿ ಬರೋಷ್ಟರಲ್ಲಿ ನಿನ್ನ ತಟ್ಟೆ ಖಾಲಿ!" ಎಂದಳು.

"ಬೆಕ್ಕಿರಬೇಕಮ್ಮಾ," ಎಂದೆ.

"ಬೆಕ್ಕು ಮಿಡಿ ತಿಂದು, ತೊಟ್ಟನ್ನ ನಿನ್ನ ಹಂಗೆ ತಟ್ಟೆ ಅಂಚಿಗೆ ಇಡ್ತದೇನೇ? ಹೋಗು, ಓದ್ಕೋ."

ಪರೀಕ್ಷೆ ಪಾಸಾದೆ. ನಮ್ಮ ಕಡೆಯಿಂದ ಹೋಗಿ ಅಲ್ಲಿ ವಾರ್ಡಿನ ಮುಖ್ಯ ನರ್ಸ್ ಆದ ಮೊದಲಿಗಳು ನಾನೇ. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಹಸಿವು, ನಿದ್ದೆಗೇಡು, ಭ್ರಾಂತಿ ಎಂದು ಎಲ್ಲವನ್ನೂ ವಿವರಿಸಿಕೊಂಡಿದ್ದೇನೆ. ಆ ತೊಟ್ಟು ಮಾತ್ರ ಯಾವ ವಿವರಣೆಗೂ ಹೊಂದುವುದಿಲ್ಲ.

ಈಗ ಊರಿಗೆ ಮರಳಿದ್ದೇನೆ. ನಮ್ಮ ಮೇಜಿನ ಮೇಲೂ ಸೈಪ್ರಸ್ ರೆಂಬೆಯ ಸಿಂಬಿ, ನಾಲ್ಕು ಮೇಣದಬತ್ತಿ. ತಂಗಿಯ ಮಗಳು ಆನಿ ಅದೇ ಊರಿಗೆ ನರ್ಸ್ ಆಗಿ ಹೋಗಿದ್ದಾಳೆ. ಮೊನ್ನೆ ಅವಳ ಕೊನೆಯ ಪರೀಕ್ಷೆಯ ಹಿಂದಿನ ದಿನ. ಎಂಬತ್ತು ದಾಟಿದ ಅಮ್ಮನ ಕೈ ನಡುಗುತ್ತದೆ, ಹಾಗಾಗಿ ಆನಿಯ ತಟ್ಟೆಗೆ ನಾನೇ ಬಡಿಸಿ ಅಲ್ಲೇ ನಿಂತೆ.

"ಕಾವಲು ಕಾಯ್ಬೇಡ, ಒಳಕ್ಕೆ ನಡಿ," ಎಂದು ಅಮ್ಮ ಗದರಿದಳು. "ನೀನು ಹಿಂಗೆ ನೋಡ್ತಾ ನಿಂತ್ರೆ ಕೂಸು ಹೆಂಗೆ ಉಣ್ತದೆ?"

ಇದನ್ನೆಲ್ಲ ನಾನು ನಂಬಿದವಳಲ್ಲ. ಆದರೂ ಒಳಗೆ ಹೋಗಿ, ಪಲ್ಯದ ಪಾತ್ರೆ ಕೈಯಲ್ಲಿ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ, ಹಸಿದ ಹುಡುಗಿಯೊಬ್ಬಳು ನಿಧಾನವಾಗಿ ಉಂಡು ಮುಗಿಸುವಷ್ಟು ಹೊತ್ತು ನಿಂತೆ.